ಕಳಕಪ್ಪ ಬುಶ್ಶು ಕೂಡಿಸಿದ್ದು

ಹೂಂಗುಟ್ಟತೀರಂದ್ರ ಹೇಳ್ತೀನಿ. ಗಜೇಂದ್ರಗಡದಾಗ ಸಂಗವ್ವ ಅಂತ ಒಬ್ಬಾಕಿ ಇದ್ದಳು. ಗಂಡ ಸತ್ತ ಮ್ಯಾಲೆ ಕಬ್ಬಿಣ ತಿರುವಿ ಕೊರಿಯೋ ಅವನ ಸಣ್ಣ ಲೇಥ್ ಮಶೀನ್ ಮಾರಿಬಿಡು ಅಂತ ಊರೆಲ್ಲಾ ಅಂದ್ರೂ ಮಾರಲಿಲ್ಲ, ತಾನ ನಡಿಸಿದಳು. ಅಕಿಗೆ ಒಬ್ಬನ ಮಗ, ಕಳಕಪ್ಪ. ಮೀಸಿ ಬಂದಿದ್ವು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡವನು. ಬೈದ್ರ ಎದಿ ಸೆಟಿಸಿ, "ನೀ ಹೇಳಿದ್ದ ಮಾಡೀನಿ" ಅನ್ನವನು.

ಒಮ್ಮೆ ಲೇಥಿನಾಗ ತಿರುಗೋ ಕಬ್ಬಿಣದ ರಾಡು, ಅಂದ್ರ ಶಾಫ್ಟು, ಗಡಗಡ ಅಲುಗಾಡಾಕ ಹತ್ತಿತು. ಅದನ್ನ ಹಿಡಿದಿಟ್ಟ ಹಿತ್ತಾಳಿ ಬಳಿಗಳು, ಬುಶ್ಶು ಅಂತಾರ, ಸವೆದು ಹೋಗಿದ್ವು. ಹಿಟ್ಟಿನ ಗಿರಣಿ ಅಂದಾನಪ್ಪನ ಪುಲ್ಲಿ, ಅಂದ್ರ ಬೆಲ್ಟು ಓಡೋ ಗಾಲಿ, ಅದರ ಕೆಲಸ ಅರ್ಧಕ್ಕ ನಿಂತಿತು. ಇವತ್ತ ಆಗದಿದ್ರ ಬ್ಯಾರೆ ಕಡೆ ಒಯ್ತೀನಿ ಅಂತ ಅವ ಹೇಳಿಕಳಿಸಿದ್ದ.

ಸಂಗವ್ವ ಹೊಸಾ ಬುಶ್ಶು ಕೊಟ್ಟು, ಬಡದು ಬಿಗಿಯಾಗಿ ಕೂಡಿಸು ಅಂದಳು. ಕಳಕಪ್ಪ ದೊಡ್ಡ ಸುತ್ತಿಗಿ ತಗೊಂಡು ಬಡದ. ಬುಶ್ಶು ರೊಟ್ಟಿ ಆತು. ಅವ್ವ ಹಣಿ ಹಣಿ ಬಡಕೊಂಡಳು. ಹಂಗ ಬಡೀಬಾರದು, ಎಣ್ಣಿ ಹಚ್ಚಿ ಮೆಲ್ಲಕ ಏರಸಬೇಕು ಅಂತ ಬೈದು, ಇನ್ನೊಂದು ಜೋಡಿ ತಾನ ಕೂಡಿಸಿ, ಶಾಫ್ಟು ಸೇರಿಸಿ, ಬೆಲ್ಟು ಏರಸು ಅಂದಳು.

ಕಳಕಪ್ಪ ಬೆಲ್ಟಿಗೆ ಎಣ್ಣಿ ಹಚ್ಚಿ ಮೆಲ್ಲಕ ಏರಿಸಿದ. ಮೋಟರ್ ತಿರುಗಿತು, ಬೆಲ್ಟು ಜಾರಿತು, ಶಾಫ್ಟು ಮಲಗಿದಂಗ ಇತ್ತು. ಎಣ್ಣಿ ಇದ್ರ ಜಾರತೈತಿ, ಒಣಾ ಅರಬಿಲೆ ಚಂದಂಗ ಒರಸು ಅಂತ ಅವ್ವ ಮತ್ತ ಬೈದಳು.

ಕಳಕಪ್ಪ ಒರಸಿದ. ಬೆಲ್ಟು ಒರಸಿದ, ಶಾಫ್ಟು ಬಿಚ್ಚಿ ಒರಸಿದ, ಬುಶ್ಶಿನೊಳಗ ಬಟ್ಟು ಹಾಕಿ ಒರಸಿದ. ಒಂದು ಹನಿ ಎಣ್ಣಿ ಉಳಿಸಲಿಲ್ಲ. ಮತ್ತ ಜೋಡಿಸಿ ಮಶೀನ್ ಚಾಲೂ ಮಾಡಿದ ಕೂಡ್ಲೆ ಶಾಫ್ಟು ಚೀರಿ, ಕಾದು, ಹೊಗಿ ಬಿಟ್ಟಿತು.

ಸಂಗವ್ವ ಓಡಿ ಬಂದು ಬಂದ್ ಮಾಡಿದಳು. ಈ ಸಲ ಅಕಿ ದನಿ ಬಿದ್ದಿತ್ತು.

"ಯಪ್ಪಾ, ಇಷ್ಟರ ನೆನಪಿಟ್ಟುಕೋ. ಮುಟ್ಟಿ ನೋಡು. ಬಿಸಿ ಇತ್ತಂದ್ರ ಅಲ್ಲೇ ನಿಲ್ಲಸು. ಎಣ್ಣಿ ಹನಿಸು. ತಣ್ಣಗಾಗೂತನಕ ಅಲ್ಲಾಡಗೊಡಬ್ಯಾಡ."

"ನೀ ಹೇಳಿದಂಗ ಮಾಡ್ತೀನಿ," ಅಂದ ಕಳಕಪ್ಪ.

ಅವ್ವ ಅವನನ್ನ ಎಣ್ಣಿ ಡಬ್ಬಿ ಸಮೇತ ಬಾಗಲಾಗ ಕುಂದ್ರಿಸಿ, ಬುಶ್ಶು ಉಜ್ಜಿ ನುಣುಪು ಮಾಡಿ, ಎಣ್ಣಿ ಬಿಟ್ಟು, ಪುಲ್ಲಿ ಕೆಲಸ ಹಿಡಿದಳು. ಅಷ್ಟರಾಗ ಅಂದಾನಪ್ಪ ಉರಿಬಿಸಿಲಾಗ ನಡಕೋತ ಬಂದ, ಪುಲ್ಲಿ ವಾಪಸ್ ಒಯ್ಯಾಕ. ಕಳಕಪ್ಪ ಅವನ ಕುತ್ತಿಗಿ ಮುಟ್ಟಿ ನೋಡಿದ. ಕಾದಿತ್ತು. ಅಲ್ಲೇ ನಿಲ್ಲಿಸಿ, ನೆತ್ತಿ ಮ್ಯಾಲೆ ಮಶೀನಿನ ಎಣ್ಣಿ ಹನಿಸಿ, ಎರಡೂ ತೋಳಿಲೆ ಅವುಚಿ ಹಿಡಿದ. ಅಂದಾನಪ್ಪ ಕೊಸರಾಡಿದ, ಬೈದ, ಸಂಗವ್ವನ್ನ ಕರದ. ಕಳಕಪ್ಪ ಬಿಡಲಿಲ್ಲ. ಲೇಥಿನ ಸಪ್ಪಳದಾಗ ಅಕಿಗೆ ಏನೂ ಕೇಳಲಿಲ್ಲ.

ಕೆಲಸ ಮುಗಿಸಿ, ಪುಲ್ಲಿ ಹಿಡಕೊಂಡು ಹೊರಗ ಬಂದಳು. ಅಂದಾನಪ್ಪ ಸುಸ್ತಾಗಿ ಮಗನ ತೋಳಾಗ ಜೋತುಬಿದ್ದಿದ್ದ, ಮೀಸಿಯಿಂದ ಎಣ್ಣಿ ತೊಟ್ಟಿಕ್ಕತಿತ್ತು.

ಕಳಕಪ್ಪ ಎದಿ ಸೆಟಿಸಿ ಕೇಳಿದ: "ಯವ್ವಾ, ಈಗ ತಣ್ಣಗಾಗ್ಯಾನ. ಚಾಲೂ ಮಾಡ್ಲೇನು?"