ಗಾಡಿಯ ಹಿಂದೆ ಕಟ್ಟಿದ ಬಿಳಿ ಪಂಚೆ

"ಗುರುಗಳೇ, ನಾನು ಸಿಟ್ಟು ಬಿಟ್ಟೆ. ಸಂತೆಯಲ್ಲಿ, ಮಠದಲ್ಲಿ ಎಲ್ಲರೂ ನನ್ನನ್ನು ಸಾಧು ಅನ್ನುತ್ತಾರೆ. ಹೆಂಡತಿ ಮಾತ್ರ ನಂಬದೆ ಗಂಟು ಕಟ್ಟಿಕೊಂಡು ತವರಿಗೆ ಹೊರಟಿದ್ದಾಳೆ. ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಒಂದು ಕತೆ ಹೇಳುತ್ತೇನೆ. ಇದರ ಅಕ್ಷರ ಅಕ್ಷರವೂ ನಿಜ, ನನ್ನ ಗಡ್ಡದಾಣೆ. ಸುಳ್ಳು ಹೇಳುವ ವಿದ್ಯೆ ನನಗೆ ಒಲಿದಿದ್ದರೆ ಈ ಹೊತ್ತಿಗೆ ಅರಮನೆಯಲ್ಲಿರುತ್ತಿದ್ದೆ, ಗೊತ್ತೇನಯ್ಯ?"

ಒಬ್ಬ ಸಾಹುಕಾರ ಮೋಟಾರು ಗಾಡಿ ಮಾಡಿಸುತ್ತಿದ್ದ. ಅವನ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಹೊಸ ಗಾಡಿಯ ಹಿಂದೆ ಬಿಳಿ ಪಂಚೆ ಕಟ್ಟಿ ಅಂಗಳ ಸುತ್ತಿಸುವುದು. ಪಂಚೆಗೆ ಮಸಿ ಹಿಡಿದರೆ ಆ ಗಾಡಿ ಗೇಟು ದಾಟುವಂತಿಲ್ಲ. ಆದರೂ ಪಂಚೆ ಕಪ್ಪಾದಾಗೆಲ್ಲ, ಗಾಡಿ ಅಂದಮೇಲೆ ಹೊಗೆ ಇದ್ದದ್ದೇ ಎಂದು ಬಿಟ್ಟುಬಿಡುತ್ತಿದ್ದರು.

ಗಾಡಿಗಳ ಹೊಗೆಗೆ ಊರೇ ಕೆಮ್ಮತೊಡಗಿದಾಗ ಸಾಹುಕಾರನಿಗೆ ಕನಿಕರ ಹುಟ್ಟಿತು. ಇದ್ದಬದ್ದದ್ದನ್ನೆಲ್ಲ ಸುರಿದು ಬ್ಯಾಟರಿ ಗಾಡಿ ಮಾಡಿಸಿದ. ಹೊಗೆ ಇಲ್ಲ, ಸದ್ದೂ ಇಲ್ಲ. ಬಾನೆಟ್ಟಿನ ಮೇಲೆ ಕೂತ ಗುಬ್ಬಿಗೆ ಗಾಡಿ ಹೊರಟದ್ದೇ ತಿಳಿಯದೆ, ಅದು ನಿದ್ದೆಯಲ್ಲೇ ಪಕ್ಕದ ಊರು ನೋಡಿ ಬರುತ್ತಿತ್ತು. ಅಂಥ ಗಾಡಿ! ಅದು ಮಾರಿಹೋದರೆ ಕಾರ್ಖಾನೆ ಉಳಿಯುತ್ತದೆ, ಇಲ್ಲವಾದರೆ ಬೀಗ.

ಪಂಚೆ ಕಟ್ಟಿದರು. ಅಂಗಳ ಸುತ್ತಿಸಿದರು. ಪಂಚೆ ಕಪ್ಪಾಯಿತು.

"ಗಾಡಿ ಬಿಚ್ಚಿ ನೋಡ್ರೋ!" ಎಂದು ಸಾಹುಕಾರ ಗುಡುಗಿದ.

"ಧಣಿ, ಹೊಗೆ ಬಿಡುವ ಕೊಳವೆಯೇ ಇಲ್ಲವಲ್ಲ, ಏನು ಬಿಚ್ಚಲಿ?" ಎಂದ ಮೇಸ್ತ್ರಿ.

"ಮತ್ತೆ ಮಸಿ ನಿನ್ನ ಮೀಸೆಯಿಂದ ಉದುರಿತೇನು?"

ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಪಂಚೆ ಪ್ರತಿಸಲವೂ ಕಪ್ಪು. ಕೊಳ್ಳಲು ಬಂದವರು ಗೇಟಿನಾಚೆ ಗುಸುಗುಸು ಶುರುಮಾಡಿದರು.

ಕೊನೆಗೆ ಸಾಹುಕಾರ ತಾನೇ ಮಡಿ ಪಂಚೆ ಹಿಡಿದು ಗಾಡಿ ಹತ್ತಿದ. ಊರು ಹಿಂದಾದ ಮೇಲೆ ಅದನ್ನು ಗಾಡಿಯ ಹಿಂದೆ ಕಟ್ಟಿದ. ಕೆರೆ ಏರಿಯ ಮೇಲೆ ಗಾಡಿ ಉರುಳಿತೋ ತೇಲಿತೋ ಅವನಿಗೇ ತಿಳಿಯಲಿಲ್ಲ. ಜೋಳದ ತೆನೆ ಗಾಳಿಗೆ ತೂಗುವ ಸದ್ದೂ ಕೇಳುತ್ತಿತ್ತು. ತಿರುಗಿ ನೋಡಿದ. ಪಂಚೆ ಕೊಕ್ಕರೆಯ ಹಾಗೆ ಬೆಳ್ಳಗೆ ಹಾರುತ್ತಿತ್ತು. ಎಷ್ಟೋ ಹೊತ್ತು ಹಾಗೇ ತೇಲಿದ.

ಹಿಂದಿರುಗುವಾಗ ಊರ ಬಾಗಿಲಲ್ಲಿ ಪಂಚೆ ಬೂದಿ ಬಣ್ಣಕ್ಕೆ ತಿರುಗಿತು. ಕಾರ್ಖಾನೆಯ ಗೇಟಿನಲ್ಲಿ ಕಪ್ಪಾಯಿತು. ಸಾಹುಕಾರ ಗಾಡಿಯಿಂದ ಇಳಿದು, ಮೊದಲ ಬಾರಿಗೆ, ತಲೆಯೆತ್ತಿ ತನ್ನದೇ ಚಿಮಣಿಯನ್ನು ನೋಡಿದ. ಅಡಿಯಲ್ಲಿ ಅವನಪ್ಪ ಹೊತ್ತಿಸಿದ ಕಲ್ಲಿದ್ದಲ ಕುಲುಮೆ. ಅದು ಆರಿದ್ದೇ ಇಲ್ಲ. ಅದಕ್ಕೆ ದಿನವೂ ಆರತಿ.

"ಆರಿಸು" ಎಂದ.

"ಅಪ್ಪನವರ ಕುಲುಮೆ, ಧಣಿ!" ಮೇಸ್ತ್ರಿ ಕೈಮುಗಿದ.

ಸಾಹುಕಾರ ತಾನೇ ಕೊಡ ಎತ್ತಿ ನೀರು ಸುರಿದ. ಬಿಸಿಲಿನಿಂದ ನಡೆಯುವ ಹೊಸ ಕುಲುಮೆ ಹೂಡಿದ. ಗಾಡಿ ಬಿಳಿ ಪಂಚೆ ಹಾರಿಸುತ್ತ ಗೇಟು ದಾಟಿತು.

ಶಿಷ್ಯನ ಮುಖ ಅರಳಿತು. "ಸದ್ಯ, ಕಾರ್ಖಾನೆ ಉಳಿಯಿತಲ್ಲ ಗುರುಗಳೇ!"

"ಮಿಕ್ಕದ್ದೆಲ್ಲ ನಿಜ ಕಣಯ್ಯ, ಅವನು ಕುಲುಮೆ ಆರಿಸಿದ ಅಂದೆನಲ್ಲ, ಅಲ್ಲಿಂದ ಮುಂದಿನದನ್ನು ಮಾತ್ರ ನಾನು ಸೇರಿಸಿದೆ" ಎಂದರು ಗುರುಗಳು.

ಶಿಷ್ಯ ತನ್ನ ಮನೆಯ ಕುಲುಮೆ ನೆನೆದು, ಹೆಂಡತಿ ಗಂಟು ಎತ್ತುವ ಮೊದಲೇ ಸೇರಲೆಂದು ಮನೆಯತ್ತ ಓಡಿದ.