ಧಾರೆಗೆ ಒಂಬತ್ತು ನಿಮಿಷ

"ಗುರುಗಳೇ, ದೇಹವನ್ನು ಗೆಲ್ಲುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನಿಗೆ ಕೆಳಹೊಟ್ಟೆಯ ಕ್ಯಾನ್ಸರ್ ಆಗಿತ್ತು. ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟು ವಾಸಿ ಮಾಡಿದ್ದರು. ರೋಗ ಹೋಯಿತು, ಆದರೆ ಅಂದಿನಿಂದ ಹೊಟ್ಟೆ ಅವನ ಮಾತು ಕೇಳುತ್ತಿರಲಿಲ್ಲ. ಯಾವ ಗಳಿಗೆಯಲ್ಲಿ ಎದ್ದು ಓಡಬೇಕಾಗುತ್ತದೋ ತಿಳಿಯದೆ, ನಾಚಿಕೆಯಿಂದ ಪಾಠಕ್ಕೆ ಬರುವುದನ್ನೇ ಬಿಟ್ಟಿದ್ದ. ಊಟವನ್ನೂ ಬಿಡುತ್ತಾ ಬಂದಿದ್ದ.

ಗುರು ನಕ್ಕರು. "ಕೂತುಕೋ. ಓಡಬೇಕಾದರೆ ಓಡು, ಕತೆ ಎಲ್ಲಿಗೂ ಹೋಗುವುದಿಲ್ಲ" ಎಂದು ಶುರು ಮಾಡಿದರು.

ಒಬ್ಬ ಅಡಿಗೆಯವನಿದ್ದ. ಮದುವೆ ಅಡಿಗೆ ಎಂದರೆ ಸುತ್ತಿನ ಹತ್ತು ಊರಿಗೆ ಅವನೇ. ಅವನಿಗೂ ನಿನ್ನ ಕಾಯಿಲೆಯೇ ಬಂತು, ನಿನ್ನ ಚಿಕಿತ್ಸೆಯೇ ಆಯಿತು, ನಿನ್ನ ಅವಸರವೇ ಗಂಟು ಬಿತ್ತು. ಅವನು ಯಾರಿಗೂ ಹೇಳಲಿಲ್ಲ. ಗಳಿಗೆಗೊಮ್ಮೆ ಕಕ್ಕಸಿಗೆ ಓಡುವವನ ಕೈ ಅಡಿಗೆಯನ್ನು ಯಾರು ತಿನ್ನುತ್ತಾರೆ? ಒಮ್ಮೆ ಮಾತು ಹಬ್ಬಿದರೆ ಸೌಟು ಕೆಳಗಿಟ್ಟ ಹಾಗೆಯೇ.

ಅವನೊಂದು ಉಪಾಯ ಕಂಡುಕೊಂಡ. ಹೊಟ್ಟೆಗೆ ಹಾಕದಿದ್ದರೆ ಹೊಟ್ಟೆ ಸುಮ್ಮನಿರುತ್ತದೆ ಎಂದುಕೊಂಡ. ಕೊನೆಯ ಪಂಕ್ತಿ ಏಳುವ ತನಕ ಅಡಿಗೆಯವರು ಉಣ್ಣುವುದಿಲ್ಲ. ಅದು ಆ ಕಸುಬಿನ ರೂಢಿ. ಇವನು ಕೊನೆಯ ಪಂಕ್ತಿ ಎದ್ದ ಮೇಲೂ ಉಣ್ಣಲಿಲ್ಲ. ಕಂಡವರು ಎಂಥ ನಿಷ್ಠೆ ಎಂದು ಹೊಗಳಿದರು. ಕೇಳಿ ಕೇಳಿ ತಾನೇನೋ ಸಾಧಿಸುತ್ತಿದ್ದೇನೆ ಎಂದು ಅವನಿಗೂ ಅನ್ನಿಸಿತು. ಪೆದ್ದ!

ಮಗಳ ಮದುವೆ ಗೊತ್ತಾಯಿತು. ಒಬ್ಬಳೇ ಮಗಳು. ಅವಳನ್ನು ಧಾರೆ ಎರೆದು ಕೊಡಬೇಕು ಎಂಬ ಆಸೆಯೊಂದೇ ಅವನನ್ನು ಆಸ್ಪತ್ರೆಯ ಮಂಚದಿಂದ ಎಬ್ಬಿಸಿ ತಂದಿತ್ತು. ಹಸೆಯ ಮೇಲೆ ಕೂತಾಗ ಹೊಟ್ಟೆ ಕೈಕೊಟ್ಟರೆ? ಹೆದರಿ ಊಟವನ್ನು ಇನ್ನೂ ಇಳಿಸಿದ. ಒಂದು ದಿನ ಅನ್ನ ಬಸಿಯುತ್ತಿದ್ದವನು ಕೊಪ್ಪರಿಗೆಯ ಪಕ್ಕದಲ್ಲೇ ಕುಸಿದು ಬಿದ್ದ.

ಹೆಂಡತಿ ಅವನನ್ನು ಕರೆಂಟು ಕೊಟ್ಟ ಆಸ್ಪತ್ರೆಗೇ ಎಳೆದುಕೊಂಡು ಹೋದಳು. ಅಲ್ಲಿನ ನರ್ಸಮ್ಮ ಎಲ್ಲವನ್ನೂ ಕೇಳಿ ಬೈದಳು: "ಉಪವಾಸಕ್ಕೆ ಹೆದರೋ ಕರುಳಲ್ಲ ಅದು, ಅಣ್ಣ. ಕರೆಂಟು ತಗುಲಿ ಒಳಗೆ ನೊಂದಿದೆ. ಇಷ್ಟು ತಿಂಗಳು ಯಾಕೆ ಬಾಯಿ ಬಿಡಲಿಲ್ಲ?"

"ನಾಲ್ಕು ಜನಕ್ಕೆ ಅನ್ನ ಹಾಕೋನು ಕಕ್ಕಸಿನ ಮಾತು ಆಡೋದಾ, ತಾಯಿ?"

"ಇಲ್ಲಿ ನಾವು ದಿನಾ ಆಡೋದು ಅದೇ ಮಾತು" ಎಂದಳು ಅವಳು.

ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಕೊಟ್ಟರು. ಏನು ತಿಂದರೆ ಏನಾಗುತ್ತದೆ ಎಂದು ಬರೆದು ತರಲು ಹೇಳಿದರು. ಅಡಿಗೆಯವನು ಸಾಮಾನು ಪಟ್ಟಿಯ ಹಿಂಬದಿಯಲ್ಲಿ ಬರೆದ. ಊರಿಗೆಲ್ಲ ಬಡಿಸಿದ ಹಾಲಿನ ಪಾಯಸ ಅವನಿಗೇ ಆಗುತ್ತಿರಲಿಲ್ಲ. ಕರಿದದ್ದೂ ಆಗುತ್ತಿರಲಿಲ್ಲ. ಮೆತ್ತಗಿನ ಅನ್ನ, ತಿಳಿಸಾರು ಸ್ವಲ್ಪ ಸ್ವಲ್ಪವಾಗಿ ಉಂಡರೆ ನಿಲ್ಲುತ್ತಿತ್ತು. ಮುಕ್ಕಾಲು ಪಾಲು ಹತೋಟಿಗೆ ಬಂತು. ಪೂರ್ತಿ ಬರಲಿಲ್ಲ.

ಮದುವೆಯ ದಿನ ಬಂತು. ಧಾರೆ ಎರೆಯುವ ತಂದೆ ಮುಹೂರ್ತ ಮುಗಿಯುವವರೆಗೆ ಏನೂ ತಿನ್ನಬಾರದು. ಆದರೆ ಪುರೋಹಿತರು, ಮಾತ್ರೆ ನುಂಗುವವನಿಗೆ ಉಪವಾಸವಿಲ್ಲ, ಗಂಜಿ ಕುಡಿ ಎಂದರು. ಕುಡಿದ. ಮಗಳ ಪಕ್ಕದಲ್ಲಿ ಕೂತ. ಮುಹೂರ್ತಕ್ಕೆ ಒಂಬತ್ತು ನಿಮಿಷ ಇರುವಾಗ ಹೊಟ್ಟೆ ಹಿಂಡಿತು!

ಗುರುಗಳ ದನಿ ಏರಿತು. ಹೇಳುತ್ತಾ ಹೇಳುತ್ತಾ ಮಂಡಿಯ ಮೇಲೆ ಎದ್ದುಬಿಟ್ಟಿದ್ದರು.

ಎದುರಿಗೆ ಐನೂರು ಜನ. ಕೂತರೆ ಪಂಚೆ ಕೆಡುತ್ತದೆ, ಎದ್ದರೆ ಗುಟ್ಟು ಬಯಲಾಗುತ್ತದೆ. ಹೇಳದೆ ಹೋಗಿ ತಡವಾದರೆ ಅವನ ಬದಲು ಅವನ ತಮ್ಮನ ಕೈಯಲ್ಲಿ ಧಾರೆ ಎರೆಸಿಬಿಡುತ್ತಾರೆ! ಅವನು ಎದ್ದು ನಿಂತ. "ಪುರೋಹಿತರೇ, ನನ್ನ ಹೊಟ್ಟೆ ಸರಿಯಿಲ್ಲ. ಹೋಗಿ ಬರ್ತೀನಿ, ಕಾಯಿರಿ!" ಮೈಕು ಅಲ್ಲೇ ಇತ್ತು. ಇಡೀ ಛತ್ರಕ್ಕೆ ಕೇಳಿಸಿತು. ವಾಲಗ ನಿಂತಿತು. ಪುರೋಹಿತರು ಗಡಿಯಾರ ನೋಡಿ, "ಓಡಯ್ಯ!" ಎಂದರು. ಪಂಚೆ ಎತ್ತಿ ಕಟ್ಟಿ ಓಡಿದ. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಬೀಗರ ಕಡೆಯವನೊಬ್ಬ ವಾಚು ಹಿಡಿದು ಉಳಿದ ನಿಮಿಷ ಕೂಗತೊಡಗಿದ. ಆರು! ನಾಲ್ಕು! ಮೂರು! ಅಗೋ ಬಂದ, ಒದ್ದೆ ಕೈ, ಒದ್ದೆ ಕಾಲು! ಹಸೆಗೆ ಹಾರಿ ಕೂತ. ಗಟ್ಟಿಮೇಳ, ಗಟ್ಟಿಮೇಳ! ಹಾಲು ಧಾರೆಯಾಗಿ ಇಳಿಯಿತು.

ಗುರು ಏದುಸಿರು ಬಿಡುತ್ತಾ ಕೂತರು. ಅವರ ಮುಖ ಕೆಂಪಾಗಿತ್ತು.

ಶಿಷ್ಯ ಕೇಳಿದ: "ಅಷ್ಟು ಜನರಲ್ಲಿ ಯಾರೂ ನಗಲಿಲ್ಲವೇ?"

"ನಕ್ಕಿರಬಹುದು, ನಾನು ಮಗಳ ಕೈ ನೋಡುತ್ತಿದ್ದೆ."