ಗೌಡರು ತಳ್ಳಿದ ಗಾಲಿಕುರ್ಚಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳುವ ನೌಕರನೊಬ್ಬ ದೊಡ್ಡ ಲೀಡರನ್ನು ಕುರ್ಚಿಯಿಂದ ಎಬ್ಬಿಸಿದ್ದು ಹೇಗೆ, ಊಹಿಸಿ ನೋಡೋಣ!

ಮಂಡಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಸಾಕಮ್ಮನವರಿಗೆಂದು ಅವನು ಕುರ್ಚಿ ತಂದಿದ್ದ. ಉಳಿದಿದ್ದದ್ದು ಅದೊಂದೇ. ಗೇಟು ಬಹಳ ದೂರ, ಅದನ್ನು ಮುಚ್ಚಲು ಇನ್ನು ಇಪ್ಪತ್ತೇ ನಿಮಿಷ. ಅಷ್ಟರಲ್ಲಿ, ಎಲೆಕ್ಷನ್ ಟಿಕೆಟ್ ಕೇಳಲು ದಿಲ್ಲಿಗೆ ಹೊರಟಿದ್ದ ಗಟ್ಟಿಮುಟ್ಟಾದ ತಿರುಮಲೇಗೌಡರು ಧೊಪ್ಪನೆ ಆ ಕುರ್ಚಿಯಲ್ಲಿ ಕೂತರು.

"ನಾನ್ಯಾರು ಗೊತ್ತೇನಯ್ಯಾ? ತಳ್ಳು!"

"ಗೊತ್ತಿಲ್ದೆ ಏನಣ್ಣಾ! ಅಲ್ನೋಡಿ, ಜನ ಫೋಟೋ ತೆಗೀತಾವ್ರೆ. ಗೌಡ್ರಿಗೆ ನಡೆಯೋಕಾಗಲ್ಲ ಅನ್ನೋ ಸುದ್ದಿ ನಿಮಗಿಂತ ಮೊದಲು ದಿಲ್ಲಿ ಸೇರಿಬಿಟ್ಟೀತು. ಅದೇ ನೀವು ಈ ಅಜ್ಜೀನ ತಳ್ಳಿದ್ರೆ..."

ಗೌಡರು ಚಂಗನೆ ಎದ್ದರು. ಮೊಬೈಲುಗಳಿಗೆ ಹಲ್ಲು ಕಿರಿಯುತ್ತ, ಬೆವರು ಸುರಿಸುತ್ತ ಸಾಕಮ್ಮನವರನ್ನು ಕೂರಿಸಿಕೊಂಡು ಗೇಟಿನವರೆಗೂ ತಳ್ಳಿದರು. ವಿಮಾನ ಸಿಕ್ಕಿತು.

"ಚೆನ್ನಾಗಿ ತಳ್ತೀಯಪ್ಪಾ," ಎಂದರು ಸಾಕಮ್ಮ. "ಟಿಕೆಟ್ ಸಿಗದಿದ್ರೆ ಈ ಕೆಲಸಕ್ಕೇ ಬಂದ್ಬಿಡು."

ಇದು ನಡೆದದ್ದು ೨೦೧೮ರ ಫೆಬ್ರವರಿ ಏಳು, ಬುಧವಾರ.